ಸಿಎಸ್‌ಎಸ್‌ನಲ್ಲಿ (ಪುಟದ ಸ್ಟೈಲ್ ಬರೆಯೋ ಭಾಷೆ) ಪಾಯಿಂಟರ್-ಇವೆಂಟ್ಸ್: ನನ್ (none) ಕೊಟ್ಟರೂ ಕ್ಲಿಕ್ ಹೋಗ್ತಿದೆ, ಬಟನ್ ಬಂದ್ ಮಾಡೋದು ಹೇಗೆ?

ಹೊಸ_ಟ್ಯಾಗ್:
ಪರೀಕ್ಷಾ ಶುಲ್ಕದ ಫಾರ್ಮ್. ‘ಪಾವತಿಸಿ’ ಬಟನ್ ಒಮ್ಮೆ ಒತ್ತಿದ ಮೇಲೆ ಮತ್ತೆ ಒತ್ತೋಕೆ ಆಗಬಾರದು. ಒತ್ತಿದ ಕೂಡಲೇ ಬಟನ್‌ಗೆ ಒಂದು ಸಿಎಸ್‌ಎಸ್ ಕ್ಲಾಸ್ ಸೇರುತ್ತೆ. ಅದರಲ್ಲಿ ಕ್ಲಿಕ್ ತಡೆಯೋಕೆ ಪಾಯಿಂಟರ್-ಇವೆಂಟ್ಸ್: ನನ್, ನಿಷೇಧದ ಗುರುತು ತೋರಿಸೋಕೆ ಕರ್ಸರ್: ನಾಟ್-ಅಲೌಡ್ ಎರಡೂ ಇವೆ. ಆದರೆ ಕರ್ಸರ್ ಬದಲಾಗಲ್ಲ, ಸರ್ವರ್ ಲಾಗ್‌ನಲ್ಲಿ ಆಗಾಗ ಒಂದೇ ಅರ್ಜಿಗೆ ಎರಡು ರಿಕ್ವೆಸ್ಟ್ ಕಾಣುತ್ತೆ. ಪಕ್ಕದ ‘ನಿಯಮಗಳು’ ಲಿಂಕನ್ನೂ ಆ ಹೊತ್ತಿಗೆ ನಿಲ್ಲಿಸಬೇಕು.

ಟ್ಯಾಬ್_ಕೀ:
ಪಾಯಿಂಟರ್-ಇವೆಂಟ್ಸ್ ಪ್ರಾಪರ್ಟಿ ತಡೆಯೋದು ಮೌಸ್, ಬೆರಳು, ಪೆನ್ ಇಷ್ಟನ್ನೇ. ಒತ್ತಿದ ಬಟನ್ ಮೇಲೆ ಫೋಕಸ್ (ಕೀಬೋರ್ಡ್ ಒತ್ತು ಯಾವುದಕ್ಕೆ ಹೋಗುತ್ತೆ ಅನ್ನೋ ಗುರುತು) ಇನ್ನೂ ಕೂತಿರುತ್ತೆ. ಎಂಟರ್ ಅಥವಾ ಸ್ಪೇಸ್ ತಟ್ಟಿದರೆ ಬ್ರೌಸರ್ ತಾನೇ ಕ್ಲಿಕ್ ಹುಟ್ಟಿಸುತ್ತೆ. ಹೆಸರು ತುಂಬೋ ಬಾಕ್ಸ್‌ನಲ್ಲಿ ಎಂಟರ್ ಒತ್ತಿದರೂ ಅಷ್ಟೇ, ಫಾರ್ಮ್ ಹೊರಟುಬಿಡುತ್ತೆ. ನಿಮ್ಮ ಎರಡನೇ ರಿಕ್ವೆಸ್ಟ್ ಬಹುಶಃ ಇಲ್ಲಿಂದಲೇ ಬರ್ತಿದೆ.

ಕರ್ಸರ್ ವಿಷಯ: ನನ್ ಕೊಟ್ಟ ಮೇಲೆ ಮೌಸ್‌ನ ಪಾಲಿಗೆ ಆ ಬಟನ್ ಇಲ್ಲವೇ ಇಲ್ಲ, ಕೆಳಗಿರೋ ಎಲಿಮೆಂಟಿನ ಕರ್ಸರ್ ಕಾಣುತ್ತೆ. ಬೇಕಿದ್ದರೆ ಬಟನ್ ಸುತ್ತ ಒಂದು ಸ್ಪ್ಯಾನ್ ಟ್ಯಾಗ್ ಹಾಕಿ ಆ ಕರ್ಸರನ್ನು ಅದಕ್ಕೆ ಕೊಡಿ. ಕ್ಲಿಕ್ ಕೂಡ ಕೆಳಗಿನದಕ್ಕೇ ಬೀಳುತ್ತೆ ಅನ್ನೋದು ನೆನಪಿರಲಿ. ಬಟನ್ ಇರೋ ಕಾರ್ಡ್‌ಗೇ ಆನ್‌ಕ್ಲಿಕ್ (ಕ್ಲಿಕ್ ಆದಾಗ ಓಡೋ ಕೋಡ್) ಇದ್ದರೆ ಕಾರ್ಡ್ ತೆರೆದುಕೊಳ್ಳುತ್ತೆ.

ಸ್ಟೈಲ್‌ಶೀಟ್_ಶೆಟ್ರು:
ಪಾಪ, ಆ ಪ್ರಾಪರ್ಟಿಗೆ ಸುಮ್ಮನೆ ಕೆಟ್ಟ ಹೆಸರು ಬೇಡ. ಮ್ಯಾಪ್ ಮೇಲೆ ಹರಡಿದ ಗ್ರೇಡಿಯಂಟ್, ಫೋಟೋ ಮೇಲಿನ ವಾಟರ್‌ಮಾರ್ಕ್, ಇಂಥ ಕಡೆ ಕ್ಲಿಕ್ ಕೆಳಗೆ ದಾಟಬೇಕು ಅನ್ನೋದೇ ಉದ್ದೇಶ. ಮೇಲಿನ ಪದರಕ್ಕೆ ನನ್, ಅದರೊಳಗಿನ ಮುಚ್ಚೋ ಗುಂಡಿಗೆ ಆಟೋ ಕೊಟ್ಟರೆ ಗುಂಡಿ ಮಾತ್ರ ಕೆಲಸ ಮಾಡುತ್ತೆ. ಹಣದ ಬಟನ್‌ಗೆ ಕಾವಲು ನಿಲ್ಲಿಸೋದು ಅದರ ಕೆಲಸ ಅಲ್ಲ.

ಡಾಮ್_ರಾಯ:
ಬಟನ್‌ಗೆ ಡಿಸೇಬಲ್ಡ್ ಅನ್ನೋ ಆಟ್ರಿಬ್ಯೂಟ್ (ಎಚ್‌ಟಿಎಂಎಲ್ ಟ್ಯಾಗ್ ಒಳಗೆ ಬರೆಯೋ ಗುಣ) ಇರೋದೇ ಇದಕ್ಕೆ. ಮೌಸ್, ಕೀಬೋರ್ಡ್ ಎರಡೂ ಬಂದ್. ಸ್ಕ್ರಿಪ್ಟ್‌ನಿಂದ ಕ್ಲಿಕ್ ಮೆಥಡ್ ಕರೆದರೂ ಮಿಸುಕಲ್ಲ. ಸಬ್ಮಿಟ್ ಬಟನ್ ಅದೊಂದೇ ಆಗಿದ್ದರೆ ಬಾಕ್ಸ್‌ನೊಳಗಿನ ಎಂಟರ್ ಕೂಡ ನಿಲ್ಲುತ್ತೆ.

ಆದರೆ ಎಲ್ಲಿ ಹಾಕ್ತೀರಿ ಅನ್ನೋದು ಮುಖ್ಯ. ಕ್ಲಿಕ್ ಹ್ಯಾಂಡ್ಲರ್ ಒಳಗೇ ಹಾಕಿದರೆ ಕ್ರೋಮ್‌ನಲ್ಲಿ ಮೊದಲ ಸಲವೂ ಫಾರ್ಮ್ ಹೋಗಲ್ಲ, ಏಕೆಂದರೆ ಸಬ್ಮಿಟ್ ಆಗೋ ಹೊತ್ತಿಗೆ ಬಟನ್ ಸತ್ತಿರುತ್ತೆ. ಫಾರ್ಮ್‌ನ ಸಬ್ಮಿಟ್ ಇವೆಂಟ್‌ನಲ್ಲಿ ಹಾಕಿ. ಅಲ್ಲೂ ಒಂದು ತೊಡಕಿದೆ: ಕಳಿಸೋ ಮೌಲ್ಯಗಳ ಪಟ್ಟಿ ತಯಾರಾಗೋದು ಆ ಇವೆಂಟ್ ಮುಗಿದ ಮೇಲೆ. ಹಾಗಾಗಿ ಬಟನ್‌ನ ನೇಮ್-ವ್ಯಾಲ್ಯೂ ಸರ್ವರ್‌ಗೆ ತಲುಪಲ್ಲ. ಬೇಕಾದರೆ ಹಿಡನ್ ಇನ್‌ಪುಟ್‌ನಲ್ಲಿ (ಕಣ್ಣಿಗೆ ಕಾಣದ ಬಾಕ್ಸ್) ಇಡಿ. ಪೂರ್ತಿ ಫೀಲ್ಡ್‌ಸೆಟ್ಟನ್ನೇ (ಬಾಕ್ಸ್‌ಗಳ ಗುಂಪು) ಡಿಸೇಬಲ್ ಮಾಡಿದರೆ ಅದರೊಳಗಿನ ಎಲ್ಲಾ ಮೌಲ್ಯಗಳೂ ಹೋಯ್ತು. ಸ್ಕ್ರಿಪ್ಟ್‌ನಿಂದ ರಿಕ್ವೆಸ್ಟ್ ಕಳಿಸೋ ಫೆಚ್ ಬಳಸೋರು ಮೊದಲು ಫಾರ್ಮ್‌ಡೇಟಾ (ತುಂಬಿದ ಮೌಲ್ಯಗಳ ಪಟ್ಟಿ) ತೆಗೆದುಕೊಂಡು ಆಮೇಲೆ ಬೀಗ ಹಾಕಲಿ.

ಟ್ಯಾಬ್_ಕೀ:
ರಾಯರೇ, ಡಿಸೇಬಲ್ಡ್ ಹಾಕಿದ ಕ್ಷಣ ಆ ಬಟನ್ ಮೇಲಿದ್ದ ಫೋಕಸ್ ಕಳೆದುಹೋಗುತ್ತೆ. ಸ್ಕ್ರೀನ್ ರೀಡರ್ (ಪರದೆ ಓದಿ ಹೇಳೋ ತಂತ್ರಾಂಶ) ಬಳಸೋರು ಎಲ್ಲಿದ್ದೇವೆ ಅಂತ ಹುಡುಕಬೇಕು. ನಾನಾದರೆ ಸ್ಕ್ರೀನ್ ರೀಡರ್‌ಗೆ ‘ಬಂದ್ ಆಗಿದೆ’ ಅಂತ ಹೇಳೋ ಆರಿಯಾ-ಡಿಸೇಬಲ್ಡ್: ಟ್ರೂ ಕೊಟ್ಟು, ಸಬ್ಮಿಟ್ ಹ್ಯಾಂಡ್ಲರ್‌ನ ಮೊದಲ ಸಾಲಲ್ಲೇ ‘ಕಳಿಸ್ತಾ ಇದೆಯಾ’ ಅಂತ ಒಂದು ವೇರಿಯಬಲ್ ನೋಡಿ, ಹೌದಾದರೆ ಪ್ರಿವೆಂಟ್‌ಡಿಫಾಲ್ಟ್ (ಬ್ರೌಸರ್ ತಾನಾಗಿ ಮಾಡೋ ಕೆಲಸ ತಡೆಯೋ ಮೆಥಡ್) ಕರೆದು ವಾಪಸ್ ಕಳಿಸ್ತೀನಿ. ಮೌಸ್, ಎಂಟರ್, ಸ್ಪೇಸ್ ಎಲ್ಲಾ ದಾರಿಯೂ ಅಲ್ಲಿಗೇ ಬಂದು ಸೇರುತ್ತೆ.

ಡಾಮ್_ರಾಯ:
ಎಲ್ಲಾ ದಾರಿಯೂ ಅಲ್ಲ. ಸ್ಕ್ರಿಪ್ಟ್‌ನಲ್ಲಿ ಯಾರಾದರೂ ಫಾರ್ಮ್.ಸಬ್ಮಿಟ್ ಅಂತ ನೇರ ಕರೆದರೆ ಸಬ್ಮಿಟ್ ಇವೆಂಟ್ ಏಳೋದೇ ಇಲ್ಲ, ನಿಮ್ಮ ಕಾವಲು ನೋಡುತ್ತಾ ನಿಲ್ಲಬೇಕಷ್ಟೇ. ಅಂಥ ಕಡೆ ಆ ಇವೆಂಟನ್ನೂ ಏಳಿಸೋ ರಿಕ್ವೆಸ್ಟ್‌ಸಬ್ಮಿಟ್ ಬಳಸಬೇಕು. ಇನ್ನು ಆರಿಯಾ ಆಟ್ರಿಬ್ಯೂಟ್ ತಾನಾಗಿ ಏನನ್ನೂ ತಡೆಯಲ್ಲ, ಬರೀ ಹೇಳುತ್ತೆ. ಆ ಮೊದಲ ಸಾಲನ್ನು ನಾಳೆ ಇನ್ನೊಬ್ಬರು ಅಳಿಸಿದರೆ ಮುಗೀತು. ಹಣದ ವಿಷಯದಲ್ಲಿ ನನ್ನ ಓಟು ಡಿಸೇಬಲ್ಡ್‌ಗೇ.

ಟ್ಯಾಬ್_ಕೀ:
ಫಾರ್ಮ್.ಸಬ್ಮಿಟ್ ಮಾತು ಒಪ್ಪಿದೆ. ಡಿಸೇಬಲ್ಡ್ ಹಾಕಲೇಬೇಕು ಅಂದ್ರೆ ಫೋಕಸನ್ನು ‘ಪಾವತಿ ನಡೆಯುತ್ತಿದೆ’ ಅನ್ನೋ ಸಂದೇಶಕ್ಕೆ ಸಾಗಿಸಿ, ಸ್ಕ್ರಿಪ್ಟ್‌ನಿಂದ ಫೋಕಸ್ ಹೋಗೋ ಹಾಗೆ ಅದಕ್ಕೆ ಟ್ಯಾಬ್‌ಇಂಡೆಕ್ಸ್ ಮೈನಸ್ 1 ಕೊಟ್ಟು.

ಹೊಸ_ಟ್ಯಾಗ್:
ಲಿಂಕ್‌ಗೂ ಡಿಸೇಬಲ್ಡ್ ಹಾಕಿ ನೋಡಿದೆ, ಏನೂ ಆಗಲಿಲ್ಲ. ಕ್ಲಿಕ್‌ನಲ್ಲಿ ಪ್ರಿವೆಂಟ್‌ಡಿಫಾಲ್ಟ್ ಸಾಕಾ?

ಸ್ಟೈಲ್‌ಶೀಟ್_ಶೆಟ್ರು:
ಲಿಂಕ್‌ಗೆ ಆ ಆಟ್ರಿಬ್ಯೂಟ್ ಲೆಕ್ಕಕ್ಕಿಲ್ಲ. ಪ್ರಿವೆಂಟ್‌ಡಿಫಾಲ್ಟ್ ಸಾಲದು: ಮೌಸ್‌ನ ನಡು ಗುಂಡಿ ಒತ್ತಿದರೆ ಬರೋದು ಕ್ಲಿಕ್ ಅಲ್ಲ, ಆಕ್ಸ್‌ಕ್ಲಿಕ್, ಹೊಸ ಟ್ಯಾಬ್ ತೆರೆದೇ ತೆರೆಯುತ್ತೆ. ಬಲಗುಂಡಿ ಮೆನುವೂ ಇದೆ. ಎಚ್‌ರೆಫ್ (ಲಿಂಕ್‌ನ ವಿಳಾಸ) ತೆಗೆದು ಡೇಟಾ ಆಟ್ರಿಬ್ಯೂಟ್‌ನಲ್ಲಿ ಇಟ್ಟುಕೊಳ್ಳಿ, ರೋಲ್: ಲಿಂಕ್, ಆರಿಯಾ-ಡಿಸೇಬಲ್ಡ್: ಟ್ರೂ ಸೇರಿಸಿ. ಕೆಲಸ ಮುಗಿದಾಗ ವಾಪಸ್ ಹಾಕಿ. ಅಂದಹಾಗೆ, ನಿಯಮ ಓದೋರನ್ನು ಯಾಕೆ ತಡೀಬೇಕು ಸ್ವಾಮಿ? ಹೊಸ ಟ್ಯಾಬ್‌ನಲ್ಲಿ ತೆರೆಯೋ ಹಾಗೆ ಮಾಡಿದರೆ ಈ ತಲೆನೋವೇ ಇಲ್ಲ.

ಜಿಗ್‌ಜ್ಯಾಗ್:
ಬಟನ್, ಲಿಂಕ್, ಬಾಕ್ಸ್ ಎಲ್ಲಾ ಒಟ್ಟಿಗೆ ನಿಲ್ಲಬೇಕು ಅಂದ್ರೆ ಅದನ್ನೆಲ್ಲ ಸುತ್ತಿರೋ ಡಿವ್‌ಗೆ ಇನರ್ಟ್ ಅನ್ನೋ ಆಟ್ರಿಬ್ಯೂಟ್ ಹಾಕಿ. ಅದು ಬಂದದ್ದು 2022ರಲ್ಲಿ ಕ್ರೋಮ್ 102, ಸಫಾರಿ 15.5ಕ್ಕೆ, 2023ರಲ್ಲಿ ಫೈರ್‌ಫಾಕ್ಸ್ 112ಕ್ಕೆ. ಅಲ್ಲಿಂದೀಚೆಗೆ ಮೂರರಲ್ಲೂ ಇದೆ. ಕ್ಲಿಕ್, ಫೋಕಸ್ ಎರಡೂ ಹೋಗುತ್ತೆ. ಡಿಸೇಬಲ್ಡ್ ಥರ ಫಾರ್ಮ್ ಮೌಲ್ಯಗಳನ್ನು ನುಂಗಲ್ಲ. ನೋಡೋಕೆ ಮಾತ್ರ ಏನೂ ಬದಲಾಗಲ್ಲ, ಮಸುಕು ಮಾಡೋ ಒಪಾಸಿಟಿ ನೀವೇ ಕೊಡಬೇಕು. ಸ್ಕ್ರೀನ್ ರೀಡರ್‌ಗೂ ಆ ಭಾಗ ಮರೆಯಾಗೋದರಿಂದ ‘ನಡೆಯುತ್ತಿದೆ’ ಸಂದೇಶ ಡಿವ್‌ನ ಹೊರಗೇ ಇರಲಿ.

ಡಾಮ್_ರಾಯ:
ಒಳ್ಳೇದು. ಆದರೆ ಸ್ಕ್ರಿಪ್ಟ್ ಕರೆಯೋ ಕ್ಲಿಕ್ ಮೆಥಡ್ ಇನರ್ಟ್ ದಾಟಿಕೊಂಡು ಹೋಗುತ್ತೆ. ಟ್ಯಾಬ್_ಕೀ ಹೇಳಿದ ಆ ‘ಕಳಿಸ್ತಾ ಇದೆಯಾ’ ವೇರಿಯಬಲ್ ಇದ್ದೇ ಇರಲಿ.

ಹೊಸ_ಟ್ಯಾಗ್:
ಪುಟದಲ್ಲಿ ಹೊರಗಿನವರ ಒಂದು ವಿಜೆಟ್ ಸ್ಕ್ರಿಪ್ಟ್ ಕೂಡ ಅದೇ ಬಟನ್‌ಗೆ ಕ್ಲಿಕ್ ಕಟ್ಟಿದೆ. ಕಟ್ಟಿದ್ದನ್ನು ಬಿಚ್ಚೋ ರಿಮೂವ್‌ಇವೆಂಟ್‌ಲಿಸನರ್ ಕರೆದರೂ ಹೋಗ್ತಿಲ್ಲ.

ಜಿಗ್‌ಜ್ಯಾಗ್:
ಕಟ್ಟುವಾಗ ಕೊಟ್ಟ ಅದೇ ಫಂಕ್ಷನ್, ಅದೇ ಕ್ಯಾಪ್ಚರ್ ಸೆಟ್ಟಿಂಗ್ ಕೊಟ್ಟರೆ ಮಾತ್ರ ಬಿಚ್ಚಿಕೊಳ್ಳುತ್ತೆ. ಅವರ ಫಂಕ್ಷನ್ ನಿಮ್ಮ ಕೈಲಿಲ್ಲವಲ್ಲ. ಡಾಕ್ಯುಮೆಂಟ್‌ಗೆ ಕ್ಯಾಪ್ಚರ್: ಟ್ರೂ (ಇವೆಂಟ್ ಬಟನ್‌ಗೆ ಇಳಿಯೋ ಮೊದಲೇ ಹಿಡಿಯೋದು) ಕೊಟ್ಟು ಒಂದು ಕ್ಲಿಕ್ ಲಿಸನರ್ ಕಟ್ಟಿ. ಟಾರ್ಗೆಟ್‌ನಿಂದ ಕ್ಲೋಸೆಸ್ಟ್ ಬಳಸಿ ನಿಮ್ಮ ಬಟನ್ ಹೌದೋ ಅಂತ ನೋಡಿ, ಹೌದಾದರೆ ಇವೆಂಟ್ ಮುಂದಿನ ಲಿಸನರ್‌ಗಳಿಗೆ ಹೋಗದಂತೆ ತಡೆಯೋ ಸ್ಟಾಪ್‌ಇಮ್ಮೀಡಿಯೆಟ್‌ಪ್ರೊಪಗೇಶನ್ ಜೊತೆ ಪ್ರಿವೆಂಟ್‌ಡಿಫಾಲ್ಟ್ ಕರೆಯಿರಿ. ಬರೀ ಸ್ಟಾಪ್‌ಪ್ರೊಪಗೇಶನ್ ಕರೆದರೆ ಫಾರ್ಮ್ ಸಬ್ಮಿಟ್ ಆಗೇ ಆಗುತ್ತೆ. ಅವರು ಪಾಯಿಂಟರ್‌ಡೌನ್ (ಮೌಸ್ ಅಥವಾ ಬೆರಳು ಒತ್ತಿದ ಕ್ಷಣದ ಇವೆಂಟ್) ಕೇಳಿಸಿಕೊಳ್ತಿದ್ದರೆ ಅದನ್ನೂ ಹೀಗೇ ಹಿಡೀಬೇಕು, ಅದು ಕ್ಲಿಕ್‌ಗಿಂತ ಮೊದಲೇ ಬರುತ್ತೆ.

ಡಾಮ್_ರಾಯ:
ಇಷ್ಟೆಲ್ಲಾ ಮಾಡಿದರೂ ಬ್ರೌಸರ್‌ನ ಡೆವ್‌ಟೂಲ್ಸ್ ತೆರೆದು ಆಟ್ರಿಬ್ಯೂಟ್ ಅಳಿಸೋಕೆ ಎರಡು ಸೆಕೆಂಡ್ ಸಾಕು. ಪುಟ ಕೊಡುವಾಗಲೇ ಹಿಡನ್ ಇನ್‌ಪುಟ್‌ನಲ್ಲಿ ಒಂದು ಅನನ್ಯ ಐಡಿ ಇಟ್ಟು, ಡೇಟಾಬೇಸ್‌ನಲ್ಲಿ ಆ ಕಾಲಮ್‌ಗೆ ಯುನೀಕ್ ಇಂಡೆಕ್ಸ್ (ಒಂದೇ ಮೌಲ್ಯ ಎರಡು ಸಲ ಸೇರದಂತೆ ತಡೆಯೋದು) ಹಾಕಿ. ಎರಡನೇ ರಿಕ್ವೆಸ್ಟ್ ಬಂದರೆ ಎರರ್ ತೋರಿಸಬೇಡಿ, ಮೊದಲನೆಯದರ ಉತ್ತರವನ್ನೇ ಕೊಡಿ.

ಟ್ಯಾಬ್_ಕೀ:
ಬೀಗ ತೆಗೆಯೋದನ್ನೂ ಬರೆದಿಡಿ. ನೆಟ್‌ವರ್ಕ್ ಕೈಕೊಟ್ಟಾಗ ಫೈನಲಿ ಬ್ಲಾಕ್‌ನಲ್ಲಿ ವೇರಿಯಬಲ್ ಮತ್ತು ಬಟನ್ ಎರಡನ್ನೂ ಮೊದಲಿನಂತೆ ಮಾಡಿ. ಬ್ಯಾಂಕ್ ಪುಟದಿಂದ ಬ್ಯಾಕ್ ಒತ್ತಿ ಬಂದವರಿಗೆ ಬ್ರೌಸರ್ ಹಳೇ ಪುಟವನ್ನು ಹಾಗೇ ಎತ್ತಿಕೊಡಬಹುದು, ಬಟನ್ ಸತ್ತೇ ಇರುತ್ತೆ. ಪುಟ ಕಾಣಿಸಿದಾಗ ಏಳೋ ಪೇಜ್‌ಶೋ ಇವೆಂಟ್‌ನಲ್ಲಿ ಪರ್ಸಿಸ್ಟೆಡ್ (ಹೀಗೆ ಎತ್ತಿಕೊಟ್ಟ ಪುಟವೇ ಅನ್ನೋ ಗುರುತು) ಟ್ರೂ ಇದೆಯಾ ನೋಡಿ ಬೀಗ ಬಿಡಿಸಿ. ಫೈರ್‌ಫಾಕ್ಸ್ ಅಂತೂ ರೀಲೋಡ್ ಮಾಡಿದರೂ ಡಿಸೇಬಲ್ಡ್ ಸ್ಥಿತಿ ನೆನಪಿಟ್ಟುಕೊಳ್ಳುತ್ತೆ. ಆ ಬಟನ್‌ಗೆ ಆಟೋಕಂಪ್ಲೀಟ್: ಆಫ್ ಕೊಡಿ.