ಪಿಂಚಣಿಗೆ ಕಟ್ಟುವುದು ‘ಕೊಡುಗೆ’ಯೋ ‘ವಂತಿಗೆ’ಯೋ? (ತುರ್ತು)

ಲೆಸ್ಟರ್‌ನಿಂದ:
ಎಲ್ಲರಿಗೂ ನಮಸ್ಕಾರ. ಶನಿವಾರ ಇಲ್ಲಿನ ಕನ್ನಡದ ಹಿರಿಯರಿಗೆ ಹಂಚಲು ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ನಾಳೆ ಸಂಜೆಗೆ ಪ್ರೆಸ್ಸಿಗೆ ಕೊಡಬೇಕು. ಸ್ವಂತ ಅಂಗಡಿ, ಟ್ಯಾಕ್ಸಿ, ಹೊಲಿಗೆ ಅಂತ ದುಡಿದು, ನ್ಯಾಷನಲ್ ಇನ್ಶೂರೆನ್ಸ್ (ದುಡಿಯುವವರು ಇಲ್ಲಿನ ಸರ್ಕಾರಕ್ಕೆ ಕಟ್ಟುವ ವಿಮೆ ಹಣ) ಕೆಲವೇ ವರ್ಷ ಕಟ್ಟಿದವರಿಗೆ ಬ್ರಿಟನ್ನಿನ ಸ್ಟೇಟ್ ಪೆನ್ಶನ್ ಸಿಗುತ್ತದಾ ಅನ್ನುವುದು ವಿಷಯ.

ಮೂರು ಪದ ಬೇಕು. ಕಾಂಟ್ರಿಬ್ಯೂಷನ್ (ಹೀಗೆ ಕಟ್ಟುವ ಹಣ), ಕ್ವಾಲಿಫೈಯಿಂಗ್ ಇಯರ್ (ಪಿಂಚಣಿಗೆ ಎಣಿಸುವ ವರ್ಷ), ಎಂಟೈಟಲ್‌ಮೆಂಟ್ (ನಮಗೆ ಸಿಗಬೇಕಾದದ್ದು). ಕರಡಿನಲ್ಲಿ ‘ಕೊಡುಗೆ’, ‘ಅರ್ಹ ವರ್ಷ’, ‘ಅರ್ಹತೆ’ ಅಂತ ಹಾಕಿದ್ದೆ. ಮನೆಯಲ್ಲೇ ರವಿಕೆ ಹೊಲಿದು ಸಂಸಾರ ನಡೆಸಿದ ನಮ್ಮತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಾಲು ಓದಿ, "ನಾನು ಯಾರಿಗೂ ಕೊಡುಗೆ ಕೊಟ್ಟಿಲ್ಲಮ್ಮ, ಇದು ನನಗಲ್ಲ" ಅಂತ ಹಾಳೆ ವಾಪಸ್ ಕೊಟ್ಟರು. ಬರೆದದ್ದೇ ಅವರಂಥವರಿಗೆ ಅಲ್ವಾ!

ಧಾರವಾಡದಿಂದ:
‘ಕೊಡುಗೆ’ ತಪ್ಪು. ‘ವಂತಿಗೆ’ ಹಾಕಿ. ನಮ್ಮ ಸರ್ಕಾರಿ ನೌಕರರ ಪಿಂಚಣಿ ಕಾಗದಗಳಲ್ಲಿ ಅದೇ ಇರುವುದು. ವಂತು ಅಂದರೆ ಪಾಲು. ಊರ ಜಾತ್ರೆಗೆ ಮನೆಗೆ ಇಷ್ಟು ಅಂತ ಎತ್ತುತ್ತಾರಲ್ಲ, ಅದು ವಂತಿಗೆ. ದೇಣಿಗೆ ಕೊಟ್ಟವನು ಕೊಟ್ಟು ಮರೆಯುತ್ತಾನೆ. ವಂತಿಗೆ ಕೊಟ್ಟವನಿಗೆ ಜಾತ್ರೆಯಲ್ಲಿ ಪಾಲುಂಟು.

ಮೈಸೂರಿನಿಂದ:
ವಂತಿಗೆ ಒಪ್ಪಿದೆ. ಆದರೆ ‘ಪಿಂಚಣಿ’ ಯಾಕೆ ಇಟ್ಟುಕೊಂಡಿದ್ದೀರಿ? ಅದು ಪೆನ್ಶನ್ ಅನ್ನುವ ಇಂಗ್ಲಿಷ್ ಮಾತೇ. ‘ಮುಪ್ಪಿನ ಸಂಬಳ’ ಅನ್ನಿ, ಅಚ್ಚಗನ್ನಡ. ಎಂಟೈಟಲ್‌ಮೆಂಟಿಗೆ ‘ಹಕ್ಕು’ ಅನ್ನಲು ಹೋಗಬೇಡಿ, ಅದು ಅರಬ್ಬಿ. ಸೆಲ್ಫ್ ಎಂಪ್ಲಾಯ್ಡ್ ಅನ್ನುವುದಕ್ಕೆ ‘ಸ್ವಂತ ಕಸುಬು’ ಕೂಡ ಬೇಡ, ಕಸುಬೂ ಅರಬ್ಬಿಯೇ. ‘ದುಡಿಮೆ’ ಇದೆಯಲ್ಲ.

ಧಾರವಾಡದಿಂದ:
ಸಂಬಳ ಅಚ್ಚಗನ್ನಡವೇ? ಸಂಸ್ಕೃತದ ಶಂಬಲ ಅದು, ದಾರಿಯ ಬುತ್ತಿ ಅಂತ ಅರ್ಥ. ನಿಘಂಟು ತೆಗೆದು ನೋಡಿ, ಆಮೇಲೆ ಬರೆಯಿರಿ.

ಮೈಸೂರಿನಿಂದ:
ತದ್ಭವ ಬೇರೆ, ಎರವಲು ಬೇರೆ. ಸಂಬಳ ನಮ್ಮ ನಾಲಿಗೆಗೆ ಒಗ್ಗಿದೆ.

ಧಾರವಾಡದಿಂದ:
ಪಿಂಚಣಿ ಒಗ್ಗಿಲ್ಲವೇ? ಅದಕ್ಕೆ ಪಾರಸಿಯ ‘ದಾರ’ ಅಂಟಿಸಿ ಪಿಂಚಣಿದಾರ ಅಂತ ಮಾಡಿಕೊಂಡಿದ್ದೇವೆ. ಹಳ್ಳಿಯ ಅಜ್ಜಿಗೂ ಗೊತ್ತು. ಅರಬ್ಬಿ, ಪಾರಸಿ ಬೇಡ ಅಂದರೆ ಸರ್ಕಾರ, ಅರ್ಜಿ, ಜಮೀನು, ವಕೀಲ ಎಲ್ಲವನ್ನೂ ಗುಡಿಸಿ ಹಾಕಬೇಕಾಗುತ್ತದೆ. ನನಗೆ ಅಂಥ ಕನ್ನಡ ಬೇಡ.

ಬೆಂಗಳೂರಿನಿಂದ:
ಮೇಡಂಗೆ ನಾಳೆ ಸಂಜೆಯ ಗಡುವು ಇದೆ, ಅದನ್ನು ಮರೆಯಬೇಡಿ. ನಾನು ದಿನವೂ ಅನುವಾದ ಮಾಡುವವಳು. ‘ಮುಪ್ಪಿನ ಸಂಬಳ’ ಅಂದರೆ ಓದುವವರಿಗೆ ಮೊದಲು ನೆನಪಾಗುವುದು ನಮ್ಮ ವೃದ್ಧಾಪ್ಯ ವೇತನ, ಸಂಧ್ಯಾ ಸುರಕ್ಷಾ. ಅವು ಬಡತನ ನೋಡಿ ಕೊಡುವಂಥವು. ಬ್ರಿಟನ್ನಿನದು ಕಟ್ಟಿದ ವರ್ಷ ಎಣಿಸಿ ಕೊಡುವಂಥದ್ದು. ಎರಡೂ ಒಂದೇ ಅಂತ ಅನ್ನಿಸಿದರೆ, ಸ್ವಂತ ಮನೆ ಇರುವವರು ಅರ್ಜಿಯನ್ನೇ ಹಾಕುವುದಿಲ್ಲ. ಆದ್ದರಿಂದ ಪಿಂಚಣಿಯೇ ಇರಲಿ.

‘ಅರ್ಹತೆ’ಯೂ ಬೇಡ. ಅರ್ಹತೆ ಅಂದರೆ ಅಧಿಕಾರಿ ಅಳೆದು ನೋಡುವುದು. ಇದು ದುಡಿದು ಗಳಿಸಿದ್ದು. ‘ಹಕ್ಕು’ ಅನ್ನಿ, ಅರಬ್ಬಿಯಾದರೂ ಸರಿ. ಕ್ವಾಲಿಫೈಯಿಂಗ್ ಇಯರ್ ಬಗ್ಗೆ ಸ್ವಲ್ಪ ಲೆಕ್ಕ ಹೇಳಿದರೆ ಪದ ಹುಡುಕಬಹುದು.

ಲೆಸ್ಟರ್‌ನಿಂದ:
ಹೇಳುತ್ತೇನೆ. 2016ರ ಏಪ್ರಿಲ್ 6ರಂದು ಅಥವಾ ಆಮೇಲೆ ಪಿಂಚಣಿ ವಯಸ್ಸು ಮುಟ್ಟಿದವರಿಗೆ ಹೊಸ ನಿಯಮ. ಏನಾದರೂ ಸಿಗಬೇಕಾದರೆ ಸಾಮಾನ್ಯವಾಗಿ 10 ವರ್ಷ ಬೇಕು. 2016ಕ್ಕೆ ಮೊದಲು ಕಟ್ಟಿಯೇ ಇಲ್ಲದವರಿಗೆ ಪೂರ್ತಿ ಸಿಗಲು 35. 2025-26ರಲ್ಲಿ ಪೂರ್ತಿ ಅಂದರೆ ವಾರಕ್ಕೆ 230.25 ಪೌಂಡ್ ಇತ್ತು. 10 ವರ್ಷದವರಿಗೆ ಅದರಲ್ಲಿ 35ಕ್ಕೆ 10 ಪಾಲು, ಸುಮಾರು 66 ಪೌಂಡ್.

ತೊಡಕು ಇರುವುದು ಇಲ್ಲಿ. ಸ್ವಂತ ದುಡಿಮೆಯವರ ಲಾಭ 2025-26ರಲ್ಲಿ 6,845 ಪೌಂಡ್ ಮುಟ್ಟಿದ್ದರೆ, ಕ್ಲಾಸ್ 2 (ಸ್ವಂತ ದುಡಿಮೆಯವರ ವಂತಿಗೆ) ಕಟ್ಟದಿದ್ದರೂ ಕಟ್ಟಿದ ಹಾಗೇ ಲೆಕ್ಕ. ಅದಕ್ಕಿಂತ ಕಡಿಮೆಯಾದರೆ ಆ ವರ್ಷ ತಾನಾಗಿ ಸೇರುವುದಿಲ್ಲ. ಆ ವರ್ಷಕ್ಕೆ ವಾರಕ್ಕೆ 3.50 ಪೌಂಡ್‌ನಂತೆ ತಾವಾಗಿ ಕಟ್ಟಬಹುದು. ಅತ್ತೆಯ ಲಾಭ ಎಷ್ಟೋ ವರ್ಷ ಆ ಗೆರೆಯ ಕೆಳಗೇ ಇತ್ತು. ವರ್ಷವಿಡೀ ಮಿಷನ್ ತುಳಿದಿದ್ದಾರೆ. ಆ ವರ್ಷವನ್ನು ‘ಅನರ್ಹ’ ಅಂತ ಬರೆಯಲು ನನಗೆ ಕೈ ಬರಲಿಲ್ಲ.

ಬೆಂಗಳೂರಿನಿಂದ:
ಉತ್ತರ ನಿಮ್ಮ ಮಾತಿನಲ್ಲೇ ಇದೆ. ‘ಲೆಕ್ಕಕ್ಕೆ ಬರುವ ವರ್ಷ’. ಟ್ರೀಟೆಡ್ ಆಸ್ ಪೇಯ್ಡ್ ಅನ್ನುವುದಕ್ಕೆ ‘ಕಟ್ಟಿದಂತೆ ಲೆಕ್ಕ’. ವಾಲಂಟರಿಗೆ ‘ಐಚ್ಛಿಕ’ ಬೇಡ, ‘ತಾವಾಗಿ ಕಟ್ಟುವ ವಂತಿಗೆ’.

ಮೈಸೂರಿನಿಂದ:
ಲೆಕ್ಕವೂ ಸಂಸ್ಕೃತದಿಂದ ಬಂದದ್ದೇ. ಆದರೂ ‘ಅರ್ಹ ವರ್ಷ’ಕ್ಕಿಂತ ಸಾವಿರ ಪಾಲು ವಾಸಿ. ಪಿಂಚಣಿ ವಿಷಯದಲ್ಲಿ ನನ್ನ ಮಾತು ಬದಲಾಗುವುದಿಲ್ಲ.

ಲೆಸ್ಟರ್‌ನಿಂದ:
ಎಲ್ಲರಿಗೂ ಧನ್ಯವಾದ. ಮೇಲಿನ ಸಾಲು ಹೀಗಾಯಿತು: "ಸ್ವಂತ ದುಡಿಮೆಯವರೇ, ಕೆಲವೇ ವರ್ಷ ವಂತಿಗೆ ಕಟ್ಟಿದ್ದರೂ ಪಿಂಚಣಿಯಲ್ಲಿ ನಿಮಗೆ ಹಕ್ಕಿರಬಹುದು. ಲೆಕ್ಕಕ್ಕೆ ಬರುವ ವರ್ಷ ಎಷ್ಟಿದೆ, ನೋಡಿಕೊಳ್ಳಿ." ಪಿಂಚಣಿ ತಾನಾಗಿ ಬರುವುದಿಲ್ಲ, ಅರ್ಜಿ ಹಾಕಲೇಬೇಕು ಅಂತ ಕೆಳಗೆ ದಪ್ಪಕ್ಷರದಲ್ಲಿ ಹಾಕಿದ್ದೇನೆ. ಊರಿಗೆ ವಾಪಸಾದವರಿಗೆ ಪ್ರತಿ ವರ್ಷದ ಏರಿಕೆ ಭಾರತದಲ್ಲಿ ಸಿಗುವುದಿಲ್ಲ ಅಂತಲೂ ಸೇರಿಸಿದೆ.

ರಾತ್ರಿ ಅತ್ತೆಗೆ ಓದಿ ಹೇಳಿದೆ. ಈ ಸಲ ಹಾಳೆ ವಾಪಸ್ ಕೊಡಲಿಲ್ಲ. "ಬಿಟ್ಟುಹೋದ ವರ್ಷಕ್ಕೆ ಈಗ ಕಟ್ಟಬಹುದೇನೆ?" ಅಂದರು. ಸಾಮಾನ್ಯವಾಗಿ ಹಿಂದಿನ 6 ವರ್ಷಕ್ಕೆ ಕಟ್ಟಬಹುದು ಅಂದೆ. ಗ್ಯಾಪ್ ಅನ್ನುವುದಕ್ಕೂ ಪದ ಹುಡುಕುತ್ತಿದ್ದೆ. ಅತ್ತೆ ಹೇಳಿದ್ದನ್ನೇ ಹಾಕಿದ್ದೇನೆ.