ಬ್ಯಾಂಡ್ ಜೊತೆ ನುಡಿಸಲು ಚಿಕ್ಕ ಸಾಲಿಡ್ ಸ್ಟೇಟ್ ಆಂಪ್: ಎಷ್ಟು ವ್ಯಾಟ್ ಬೇಕು?

ಆರುತಂತಿ:
ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಜನರ ಬ್ಯಾಂಡ್, ಎರಡು ಗಿಟಾರ್, ಒಂದು ಬೇಸ್, ಡ್ರಮ್ಸ್. ಈಗ ನನ್ನ ಹತ್ತಿರ ಇರುವುದು ಎರಡು 12 ಇಂಚಿನ ಸ್ಪೀಕರ್ ಇರುವ ಟ್ಯೂಬ್ ಕಾಂಬೋ (ಆಂಪೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿ). ಸೌಂಡ್ ಬಗ್ಗೆ ಎರಡು ಮಾತಿಲ್ಲ. ಆದರೆ ಒಬ್ಬನೇ ಎತ್ತಲು ಆಗುವುದಿಲ್ಲ, ಪ್ರತಿ ಸಲ ಯಾರನ್ನಾದರೂ ಕರೆಯಬೇಕು. ಒಂದು ಕೈಯಲ್ಲಿ ಆಂಪ್, ಇನ್ನೊಂದು ಕೈಯಲ್ಲಿ ಗಿಟಾರ್ ಹಿಡಿದು ಆರಾಮಾಗಿ ಹೋಗುವ ಹಾಗಿರಬೇಕು, ಅದಕ್ಕೇ ಟ್ಯೂಬ್ ಬದಲು ಟ್ರಾನ್ಸಿಸ್ಟರ್ ಇರುವ ಸಾಲಿಡ್ ಸ್ಟೇಟ್ ಕಡೆ ನೋಡುತ್ತಿದ್ದೇನೆ.

ನಾನು ನುಡಿಸುವುದು ಜಾಸ್ತಿ ಕ್ಲೀನ್ ಟೋನ್, ಓವರ್‌ಡ್ರೈವ್ (ಒಡೆದ, ಒರಟು ಸೌಂಡ್) ಬೇಕಾದರೆ ಪೆಡಲ್. ಕೆಲವು ಕಡೆ ಪಿಎಗೆ, ಅಂದರೆ ಹಾಲ್‌ನ ದೊಡ್ಡ ಸ್ಪೀಕರ್‌ಗಳಿಗೆ, ಹಾಡುವವರ ಮೈಕ್ ಮಾತ್ರ ಹೋಗುತ್ತದೆ, ಗಿಟಾರ್ ಆಂಪ್‌ನಿಂದಲೇ ಇಡೀ ಹಾಲ್‌ಗೆ ಕೇಳಬೇಕು. ಇನ್ನು ಕೆಲವು ಕಡೆ ಎಲ್ಲವೂ ಮಿಕ್ಸರ್ ಮೂಲಕ. ಎರಡಕ್ಕೂ ಆಗುವಂಥದ್ದು ಬೇಕು. 20 ವ್ಯಾಟ್‌ನ 8 ಇಂಚಿನ ಕಾಂಬೋ, 50 ವ್ಯಾಟ್‌ನ 12 ಇಂಚಿನ ಕಾಂಬೋ, ಇಲ್ಲವೇ ಪೆಡಲ್ ಗಾತ್ರದ ಹೆಡ್ (ಸ್ಪೀಕರ್ ಇಲ್ಲದ ಆಂಪ್) ತೆಗೆದುಕೊಂಡು ಬೇರೆ ಕ್ಯಾಬ್‌ಗೆ (ಸ್ಪೀಕರ್ ಪೆಟ್ಟಿಗೆಗೆ) ಜೋಡಿಸುವುದು, ಈ ಮೂರರಲ್ಲಿ ತೂಗಾಡುತ್ತಿದ್ದೇನೆ. 15 ವ್ಯಾಟ್ ಟ್ಯೂಬ್ ಆಂಪ್ ಡ್ರಮ್ಸ್ ಎದುರು ನಿಲ್ಲುತ್ತದೆ ಅಲ್ವಾ, ಹಾಗಾದರೆ 20 ವ್ಯಾಟ್ ಸಾಲಿಡ್ ಸ್ಟೇಟ್ ಯಾಕೆ ಸಾಲದು?

ದಪ್ಪತಂತಿ:
ಮೈಕ್ ಇಲ್ಲದ ಕಡೆ ಖಂಡಿತ ಸಾಲದು. ವ್ಯಾಟ್ ಎರಡರಲ್ಲೂ ಒಂದೇ, ಟ್ಯೂಬ್‌ಗೆ ಬೇರೆ ಲೆಕ್ಕ ಇಲ್ಲ. ಬೇರೆಯಾಗುವುದು ಮಿತಿ ಮುಟ್ಟಿದ ಮೇಲೆ. ಟ್ಯೂಬ್ ಆಂಪ್‌ನಲ್ಲಿ ಸೌಂಡ್ ನಿಧಾನವಾಗಿ ಒಡೆಯುತ್ತದೆ, ಸ್ವಲ್ಪ ಅದುಮಿದ ಹಾಗಾಗುತ್ತದೆ, ಅದು ಕಿವಿಗೆ ಹಿತವಾಗಿಯೇ ಇರುವುದರಿಂದ ನಾವು ಮಿತಿ ದಾಟಿಯೂ ವಾಲ್ಯೂಮ್ ಏರಿಸುತ್ತೇವೆ. ಸಾಲಿಡ್ ಸ್ಟೇಟ್ ಪವರ್ ಆಂಪ್ ಮಿತಿ ಮುಟ್ಟಿದ ಕೂಡಲೇ ಅಲೆಯ ತುದಿಯನ್ನು ಕತ್ತರಿಸುತ್ತದೆ, ಕರ್ಕಶವಾಗುತ್ತದೆ. ಹಾಗಾಗಿ ಅಲ್ಲಿಯವರೆಗೆ ಹೋಗದಷ್ಟು ಪವರ್ ಮೊದಲೇ ಕೈಯಲ್ಲಿರಬೇಕು. ಕ್ಲೀನ್ ನುಡಿಸುವವರಿಗೆ ಇದು ಇನ್ನೂ ಮುಖ್ಯ, ಯಾಕೆಂದರೆ ಪಿಕ್ ತಂತಿಗೆ ತಾಗುವ ಆ ಮೊದಲ ಹೊಡೆತ ಉಳಿದ ಸ್ವರಕ್ಕಿಂತ ಬಹಳ ಜೋರು.

ಆದರೆ ವ್ಯಾಟ್ ಹಿಂದೆಯೇ ಓಡಬೇಡಿ. ವ್ಯಾಟ್ ಎರಡರಷ್ಟಾದರೆ ಸಿಗುವುದು 3 ಡೆಸಿಬೆಲ್ ಅಷ್ಟೇ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. 50ರಿಂದ 100ಕ್ಕೆ ಹೋದರೆ ಅಂಥ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಸ್ಪೀಕರ್‌ನ ಸೆನ್ಸಿಟಿವಿಟಿ ಯಾರೂ ನೋಡುವುದಿಲ್ಲ, ನನಗೆ ಇದೇ ಬೇಸರ. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಅಂತ ಅಳೆದಿರುತ್ತಾರೆ. 94 ಇರುವ ಸ್ಪೀಕರ್‌ಗೆ 100 ವ್ಯಾಟ್ ಕೊಟ್ಟರೆ ಬರುವಷ್ಟು ಸೌಂಡ್, 100 ಇರುವ ಸ್ಪೀಕರ್‌ಗೆ 25 ವ್ಯಾಟ್ ಕೊಟ್ಟರೆ ಬರುತ್ತದೆ. 8 ಇಂಚಿನ ಚಿಕ್ಕ ಪೆಟ್ಟಿಗೆಯಲ್ಲಿ ದಪ್ಪ ತಂತಿಗಳು ಪೂರ್ತಿ ಬಾಯಿ ಬಿಡುವುದಿಲ್ಲ, ಡ್ರಮ್ಸ್ ಶುರುವಾದರೆ ಮುಗಿಯಿತು. ನಿಮಗೆ 50 ವ್ಯಾಟ್, ಒಂದು 12 ಇಂಚು.

ಸ್ಪ್ರಿಂಗ್‌ರಿವರ್ಬ್:
ಕ್ಲೀನ್ ಮತ್ತು ಪೆಡಲ್ ಅಂದರೆ ನನ್ನ ಮನಸ್ಸು ನೇರವಾಗಿ ರೋಲ್ಯಾಂಡ್ ಕಂಪನಿಯ ಜಾಝ್ ಕೋರಸ್ (ಜೆಸಿ) ಆಂಪ್‌ಗಳ ಕಡೆಗೇ ಹೋಗುತ್ತದೆ. ಜೆಸಿ-120 ಬಂದಿದ್ದು 1975ರಲ್ಲಿ, ಇವತ್ತಿಗೂ ಕ್ಲೀನ್ ಟೋನ್ ಅಂದರೆ ಜನ ಅದನ್ನೇ ಹೆಸರಿಸುತ್ತಾರೆ. ಆದರೆ ಅದು ಸುಮಾರು 28 ಕೆಜಿ, ನಿಮ್ಮ ತೊಂದರೆ ಹಾಗೇ ಉಳಿಯುತ್ತದೆ. ಜೆಸಿ-40ರಲ್ಲಿ ಎರಡು 10 ಇಂಚಿನ ಸ್ಪೀಕರ್, ತೂಕ 16 ಕೆಜಿ ಹತ್ತಿರ. ಅದೇ ಕೋರಸ್ (ಹಲವು ಗಿಟಾರ್ ಒಟ್ಟಿಗೆ ನುಡಿಸಿದಂಥ ಎಫೆಕ್ಟ್), ಸ್ಟೀರಿಯೋದಲ್ಲಿ. ಕೇಳಿದರೆ ಬಿಡಲು ಮನಸ್ಸಾಗುವುದಿಲ್ಲ.

ಬಾಸ್ (Boss) ಕಂಪನಿಯ ಕಟಾನಾ 50 ಇನ್ನೂ ಹಗುರ, 12 ಕೆಜಿಯ ಒಳಗೆ. ಅದರಲ್ಲಿ ಟೋನ್ ತಯಾರಾಗುವುದು ಡಿಜಿಟಲ್ ಆಗಿ, ಅದು ನಿಮಗೆ ಸರಿಯೇ ಅಂತ ನೋಡಿಕೊಳ್ಳಿ. ಪೆಡಲ್ ಇಟ್ಟು ನುಡಿಸುವುದಾದರೆ ಅದರ ಕ್ಲೀನ್ ಚಾನೆಲ್‌ನಲ್ಲೇ ಇರಿ, ಒಳಗಿನ ಎಫೆಕ್ಟ್‌ಗಳನ್ನೆಲ್ಲ ಆಫ್ ಮಾಡಿ. ಪುಟ್ಟ ಹೆಡ್‌ಗಳಲ್ಲಿ ಕ್ವಿಲ್ಟರ್ ನೋಡಿ. ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ 44 ಮ್ಯಾಗ್ನಮ್ ಕೂಡ ಇದೆ, ಆದರೆ ಅದು ಬರೀ ಪವರ್ ಆಂಪ್. ಬಾಸ್, ಮಿಡ್, ಟ್ರೆಬಲ್ ನಾಬ್ ಏನೂ ಇಲ್ಲ, ಮುಂದೆ ಟೋನ್ ರೂಪಿಸಲು ಒಂದು ಪ್ರೀಆಂಪ್ ಪೆಡಲ್ ಇಟ್ಟುಕೊಳ್ಳಬೇಕಾಗುತ್ತದೆ.

ಮಿಕ್ಸರ್‌ಹಿಂದೆ:
ನಾನು ಸೌಂಡ್ ಮಾಡುವವನು, ಸ್ಟೇಜ್ ಮೇಲೆ ಕಡಿಮೆ ಸದ್ದು ಇದ್ದಷ್ಟು ಹಾಡುವವರ ದನಿ ಸ್ಪಷ್ಟವಾಗುತ್ತದೆ. ಪೂರ್ತಿ ಪಿಎ ಇರುವ ಕಡೆ 20 ವ್ಯಾಟ್ ಇಟ್ಟು ಒಂದು ಎಸ್‌ಎಂ57 ಮೈಕ್ ಹಿಡಿದರೂ ಸಾಕು.

ಕೊಳ್ಳುವ ಮೊದಲು ಹಿಂಭಾಗ ತಿರುಗಿಸಿ ನೋಡಿ. ಎಕ್ಸ್‌ಎಲ್‌ಆರ್ ಔಟ್ (ಮಿಕ್ಸರ್‌ಗೆ ನೇರ ಲೈನ್ ಕೊಡುವ ಜ್ಯಾಕ್) ಇದೆಯೇ? ಅದರಲ್ಲಿ ಕ್ಯಾಬ್ ಸಿಮ್ಯುಲೇಶನ್, ಅಂದರೆ ಗಿಟಾರ್ ಸ್ಪೀಕರ್‌ನ ಸೌಂಡಿನ ಅನುಕರಣೆ, ಇದೆಯೇ? ಇಲ್ಲದಿದ್ದರೆ ಡಿಸ್ಟಾರ್ಶನ್ ಪೆಡಲ್ ಒತ್ತಿದಾಗ ಪಿಎಯಲ್ಲಿ ಜೇನುಹುಳ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ, ಯಾಕೆಂದರೆ ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಜ್ ಮೇಲಿನದ್ದನ್ನು ಬಹುತೇಕ ತಡೆಯುತ್ತದೆ, ನೇರ ಲೈನ್‌ನಲ್ಲಿ ಆ ತಡೆ ಇರುವುದಿಲ್ಲ. ಇನ್ನೊಂದು, ಚಿಕ್ಕ ಆಂಪ್‌ಗಳಲ್ಲಿ ಹೆಡ್‌ಫೋನ್‌ಗೂ ರೆಕಾರ್ಡಿಂಗ್‌ಗೂ ಎಷ್ಟೋ ಸಲ ಒಂದೇ ಜ್ಯಾಕ್. ಅದಕ್ಕೆ ಕೇಬಲ್ ಚುಚ್ಚಿದರೆ ಆಂಪ್‌ನ ಸ್ಪೀಕರ್ ಬಂದ್. ಆಗ ಸ್ಟೇಜ್ ಮೇಲೆ ನಿಮಗೆ ನೀವೇ ಕೇಳುವುದಿಲ್ಲ. ಗ್ರೌಂಡ್ ಲಿಫ್ಟ್ ಸ್ವಿಚ್ ಇದ್ದರೆ ಒಳ್ಳೆಯದು, ಹಮ್ (ಕರೆಂಟಿನ ಗುಂಯ್ ಸದ್ದು) ಬಂದಾಗ ಉಪಯೋಗಕ್ಕೆ ಬರುತ್ತದೆ.

ದಪ್ಪತಂತಿ:
ಪಿಎ ಇರುವ ಕಡೆ ಸರಿ. ಇಲ್ಲದ ಕಡೆಯೂ ನುಡಿಸಬೇಕಲ್ಲ ಇವರು? 50 ವ್ಯಾಟ್ ಆಂಪನ್ನು ಕಡಿಮೆ ಮಾಡಿ ನುಡಿಸಬಹುದು, 20 ವ್ಯಾಟನ್ನು ಏರಿಸಲು ಆಗುವುದಿಲ್ಲ.

ಮಿಕ್ಸರ್‌ಹಿಂದೆ:
ಒಪ್ಪಿದೆ. ಹಾಗಿದ್ದರೆ ಆಂಪನ್ನು ನೆಲದ ಮೇಲೆ ಮಾತ್ರ ಇಡಬೇಡಿ. ಸ್ಟ್ಯಾಂಡ್ ಮೇಲೆ ಓರೆಯಾಗಿಸಿ ಕಿವಿಯ ಕಡೆ ತಿರುಗಿಸಿ. ಟ್ರೆಬಲ್ ನೇರ ರೇಖೆಯಲ್ಲಿ ಹೋಗುತ್ತದೆ, ನೆಲದಲ್ಲಿದ್ದರೆ ಅದು ನಿಮ್ಮ ಮಂಡಿಗೆ ತಾಗಿ ಎದುರು ಕುಳಿತವರಿಗೆ ಚುಚ್ಚುತ್ತದೆ, ನಿಮಗೆ ಮಾತ್ರ ಕೇಳುವುದಿಲ್ಲ. ಮನೆಯಲ್ಲಿ ಚೆನ್ನಾಗಿ ಕೇಳುವ ಸೆಟಿಂಗ್, ಅಂದರೆ ಬಾಸ್ ಟ್ರೆಬಲ್ ಜಾಸ್ತಿ ಮಿಡ್ ಕಡಿಮೆ, ಬ್ಯಾಂಡ್ ಒಳಗೆ ಮಾಯವಾಗುತ್ತದೆ. ಕೆಳಗಡೆ ಬೇಸ್ ಗಿಟಾರ್ ಇದೆ, ಮೇಲೆ ಸಿಂಬಲ್ ಇದೆ. ಗಿಟಾರ್ ಜಾಗ ನಡುವೆ. ಮಿಡ್ ಏರಿಸಿ, ವಾಲ್ಯೂಮ್ ಮುಟ್ಟುವ ಮುಂಚೆಯೇ.

ಆರುತಂತಿ:
ಎಲ್ಲರಿಗೂ ಧನ್ಯವಾದ, 8 ಇಂಚಿನದನ್ನು ಬಿಟ್ಟೆ. ಒಂದು ಪ್ರಶ್ನೆ ಉಳಿದಿದೆ. ಒಂದು 12 ಇಂಚಿನ, 16 ಓಮ್‌ನ (ಓಮ್ ಅಂದರೆ ಸ್ಪೀಕರ್‌ನ ವಿದ್ಯುತ್ ತಡೆಯ ಅಳತೆ) ಹಗುರ ಕ್ಯಾಬ್ ಈಗಾಗಲೇ ಇದೆ. ಪುಟ್ಟ ಹೆಡ್ ತೆಗೆದುಕೊಂಡು ಇದಕ್ಕೇ ಹಾಕಬಹುದಾ? ಹೆಡ್ ಮೇಲೆ ‘ಕನಿಷ್ಠ 4 ಓಮ್’ ಅಂತ ಇರುತ್ತದೆ.

ದಪ್ಪತಂತಿ:
ಹಾಕಬಹುದು, ಏನೂ ಸುಡುವುದಿಲ್ಲ. ಸಾಲಿಡ್ ಸ್ಟೇಟ್‌ನಲ್ಲಿ ಬರೆದ ಓಮ್‌ಗಿಂತ ಕೆಳಗೆ ಹೋಗಬಾರದು, ಮೇಲೆ ಹೋದರೆ ಪವರ್ ಕಡಿಮೆಯಾಗುತ್ತದೆ ಅಷ್ಟೇ. ಆದರೆ ತುಂಬಾ ಕಡಿಮೆ. 4 ಓಮ್‌ಗೆ 100 ವ್ಯಾಟ್ ಅಂತ ಬರೆದಿದ್ದರೆ 8ಕ್ಕೆ ಹೆಚ್ಚುಕಡಿಮೆ 50–60, 16ಕ್ಕೆ ಮತ್ತೆ ಅದರ ಅರ್ಧ. ಆ ಕ್ಯಾಬ್‌ಗೆ 8 ಓಮ್‌ನ, ಸೆನ್ಸಿಟಿವಿಟಿ ಜಾಸ್ತಿ ಇರುವ ಸ್ಪೀಕರ್ ಹಾಕಿಸಿಬಿಡಿ, ಆಗ ಹೆಡ್ ಬ್ಯಾಗಿನ ಜೇಬಿನಲ್ಲೇ ಹೋಗುತ್ತದೆ. ಕ್ಯಾಬ್‌ಗೆ ಜೋಡಿಸುವುದು ಸ್ಪೀಕರ್ ಕೇಬಲ್‌ನಲ್ಲಿ ಮಾತ್ರ, ಗಿಟಾರ್ ಕೇಬಲ್ ನೋಡಲು ಹಾಗೇ ಇದ್ದರೂ ಒಳಗಿನ ತಂತಿ ತೀರಾ ಸಣ್ಣದು. ಮತ್ತೆ ಆ ಸ್ಪೀಕರ್ ಔಟ್ ಅನ್ನು ಯಾರು ಕೇಳಿದರೂ ಮಿಕ್ಸರ್‌ಗೆ ಕೊಡಬೇಡಿ.