ಅಪ್‌ಡೇಟ್: ಹೆಸರುಕಾಳಿನ ಹುಳ ಕೊನೆಗೂ ಹೋಯ್ತು

ಮನೆಯ 50 ಕೆಜಿ ಹೆಸರುಕಾಳಿಗೆ ಹುಳ ಬಿದ್ದಿದೆ, ಏನು ಮಾಡಲಿ ಅಂತ ಮೂರು ವಾರದ ಹಿಂದೆ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಬೇವಿನೆಲೆಯಿಂದ ಏನೂ ಆಗಲಿಲ್ಲ. ಹುಳಗಳು ಎಲೆ ಮೇಲೆಯೇ ಆರಾಮಾಗಿ ಓಡಾಡುತ್ತಿದ್ದವು! ಕೈಹಿಡಿದದ್ದು ಗಾಳಿಯಾಡದ ಡ್ರಮ್ಮಿನ ಸಲಹೆ. ಕಾಳನ್ನು ಮೂರು ದಿನ ಬಿಸಿಲಿಗೆ ಹಾಕಿ, ಜರಡಿ ಹಿಡಿದು, ಬಿಸಿ ಆರಿದ ಮೇಲೆ ಡ್ರಮ್ಮಿಗೆ ಕಂಠಮಟ್ಟ ತುಂಬಿದೆ. ಮುಚ್ಚಳದ ಸುತ್ತ ಹಳೇ ಸೈಕಲ್ ಟ್ಯೂಬು ಬಿಗಿದೆ. ಒಳಗಿನ ಆಮ್ಲಜನಕ ಮುಗಿದರೆ ಹುಳ ಉಳಿಯಲ್ಲ, ಅಷ್ಟೇ. ಹೋದ ಸಲ ಅರ್ಧ ಡ್ರಮ್ಮು ಖಾಲಿ ಬಿಟ್ಟು, ಸುಮ್ನೆ ದಿನಾ ತೆಗೆದು ನೋಡುತ್ತಿದ್ದೆ. ಅದೇ ತಪ್ಪಾಗಿದ್ದು.

ನಿನ್ನೆ ತೆರೆದೆ. ಜೀವ ಇರುವ ಹುಳ ಒಂದೂ ಕಾಣಲಿಲ್ಲ.

ಅಂದಹಾಗೆ, ಕಾಳಿನ ಮೇಲಿನ ಬಿಳಿ ಚುಕ್ಕೆಗಳನ್ನು ಬೂಷ್ಟು ಅಂದುಕೊಂಡಿದ್ದೆ. ಅವು ಮೊಟ್ಟೆಗಳು! ಎಷ್ಟೋ ಸಲ ಹೊಲದಿಂದಲೇ ಬಂದಿರುತ್ತವಂತೆ. ತೂತು ಬಿದ್ದ ಕಾಳೆಲ್ಲ ಕೋಳಿಗಳ ಪಾಲಾಯ್ತು.